ಕಾಣದ ಬಿಸಿಲನ್ನು ಅಳೆಯುವುದು: ತರಗತಿಯಲ್ಲಿ ಯುವಿ ಸೆನ್ಸರ್ ಪ್ರಯೋಗಗಳಿಗೆ ಸಮಗ್ರ ಮಾರ್ಗದರ್ಶಿ

ಬಿಸಿಲಿಗೆ ಕೈ ಚಾಚಿದಾಗ ಚುರುಕು ಮುಟ್ಟಿಸುವುದು ಹೆಚ್ಚಾಗಿ ಅವಕೆಂಪು ಕಿರಣ ಮತ್ತು ಕಾಣುವ ಬೆಳಕು. ನೇರಳಾತೀತ ಕಿರಣ, ಅಂದರೆ ಯುವಿ, ಬಿದ್ದ ಕ್ಷಣಕ್ಕೆ ಕಣ್ಣಿಗೂ ತಿಳಿಯುವುದಿಲ್ಲ, ಚರ್ಮಕ್ಕೂ ತಿಳಿಯುವುದಿಲ್ಲ. ಗೊತ್ತಾಗುವುದು ಗಂಟೆಗಳ ನಂತರ, ಚರ್ಮ ಕೆಂಪೇರಿ ಉರಿಯತೊಡಗಿದಾಗ. ತಂಪು ಗಾಳಿ ಬೀಸುವ ಬೆಟ್ಟದ ತುದಿಯಲ್ಲಿ ಬಿಸಿಲೇ ಇಲ್ಲ ಎಂದುಕೊಂಡು ನಿಂತ ಮಕ್ಕಳ ಮೂಗು ಸುಡುವುದು ಇದೇ ಕಾರಣಕ್ಕೆ. ವಿಜ್ಞಾನದ ತರಗತಿಯಲ್ಲಿ ಅಳತೆಯ ಮಹತ್ವವನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಅಂದಾಜು ಕೆಲಸಕ್ಕೇ ಬರುವುದಿಲ್ಲ.

1801ರಲ್ಲಿ ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್ ಈ ಕಿರಣಗಳನ್ನು ಕಂಡುಹಿಡಿದದ್ದೂ ಪರೋಕ್ಷವಾಗಿಯೇ. ಅಶ್ರಗ ಚೆಲ್ಲಿದ ಬಣ್ಣಗಳ ಪಟ್ಟಿಯಲ್ಲಿ ನೇರಳೆಯ ಆಚೆಗೆ, ಏನೂ ಕಾಣದ ಜಾಗದಲ್ಲಿ, ಬೆಳಕು ತಾಗಿದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಆ ಸಿಲ್ವರ್ ಕ್ಲೋರೈಡ್ ಮಾಡಿದ ಕೆಲಸವನ್ನು ಇಂದು ಉಗುರಿನಷ್ಟು ಅಗಲದ ಸೆನ್ಸರ್ ಮಾಡುತ್ತದೆ. ಈ ಮಾರ್ಗದರ್ಶಿ ಎಂಟನೇ ತರಗತಿಯಿಂದ ಪಿಯುಸಿವರೆಗಿನ ವಿದ್ಯಾರ್ಥಿಗಳಿಗೂ ಅವರ ಶಿಕ್ಷಕರಿಗೂ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಬಹುತೇಕ ಸಾಮಾನು ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಒಂದು ಮಲ್ಟಿಮೀಟರ್ ಸಾಕು.

ಮೊದಲು ತಿಳಿದಿರಬೇಕಾದದ್ದು

ತರಂಗಾಂತರದ ಲೆಕ್ಕದಲ್ಲಿ ಯುವಿಯಲ್ಲಿ ಮೂರು ಪಟ್ಟಿಗಳು. ಯುವಿ-ಎ 315ರಿಂದ 400 ನ್ಯಾನೋಮೀಟರ್, ಯುವಿ-ಬಿ 280ರಿಂದ 315, ಯುವಿ-ಸಿ 100ರಿಂದ 280. ಸೂರ್ಯನಿಂದ ಹೊರಟ ಯುವಿ-ಸಿ ಪೂರ್ತಿಯಾಗಿ ಮೇಲೆಯೇ ತಡೆಯಲ್ಪಡುತ್ತದೆ. ಯುವಿ-ಬಿಯ ಹೆಚ್ಚಿನ ಪಾಲನ್ನು ಓಝೋನ್ ಹೀರುತ್ತದೆ. ನೆಲಕ್ಕೆ ತಲುಪುವ ಯುವಿಯಲ್ಲಿ ಸುಮಾರು 95 ಶೇಕಡಾ ಯುವಿ-ಎ. ಉಳಿದ ಚೂರು ಯುವಿ-ಬಿಯೇ ಚರ್ಮವನ್ನು ಸುಡುವುದು, ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾಗುವುದೂ ಅದೇ.

ಹವಾಮಾನ ವರದಿಯಲ್ಲಿ ಬರುವ ಯುವಿ ಸೂಚ್ಯಂಕ ಈ ಸುಡುವ ಗುಣದ ಅಳತೆ. ಪ್ರತಿ ತರಂಗಾಂತರಕ್ಕೂ ಚರ್ಮವನ್ನು ಎಷ್ಟು ಕೆಂಪಾಗಿಸುತ್ತದೆ ಎಂಬ ತೂಕ ಕೊಟ್ಟು, ಎಲ್ಲವನ್ನೂ ಕೂಡಿಸಿ, ಪ್ರತಿ ಚದರ ಮೀಟರ್‌ಗೆ 25 ಮಿಲಿವ್ಯಾಟ್ ಆದರೆ ಸೂಚ್ಯಂಕ 1 ಎನ್ನುತ್ತಾರೆ. 2ರವರೆಗೆ ಕಡಿಮೆ, 3ರಿಂದ 5 ಮಧ್ಯಮ, 6 ಮತ್ತು 7 ಹೆಚ್ಚು, 8ರಿಂದ 10 ಅತಿ ಹೆಚ್ಚು, 11 ಮತ್ತು ಮೇಲ್ಪಟ್ಟು ವಿಪರೀತ. ಆ ತೂಕದ ರೇಖೆ ಎಷ್ಟು ಕಡಿದಾಗಿದೆ ಎಂದರೆ, 298 ನ್ಯಾನೋಮೀಟರ್‌ನ ಕಿರಣಕ್ಕೆ 340ರ ಕಿರಣಕ್ಕಿಂತ ಸುಮಾರು ಸಾವಿರ ಪಟ್ಟು ತೂಕ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಪದೇಪದೇ ಬೇಕಾಗುತ್ತದೆ: ಅಗ್ಗದ ಸೆನ್ಸರ್ ಯಾವುದೂ ಚರ್ಮದ ರೇಖೆಯನ್ನು ಅನುಸರಿಸುವುದಿಲ್ಲ. ಅದಕ್ಕೆ ಅದರದೇ ಕಿಟಕಿ ಇದೆ, ಆ ಕಿಟಕಿಯಲ್ಲಿ ಕಂಡದ್ದನ್ನಷ್ಟೇ ಅದು ಹೇಳುತ್ತದೆ.

ಯಾವ ಸೆನ್ಸರ್ ಕೊಳ್ಳಬೇಕು

ತರಗತಿಗೆ ನನ್ನ ಆಯ್ಕೆ ಗುವಾ-ಎಸ್12ಎಸ್‌ಡಿ. ಗ್ಯಾಲಿಯಂ ನೈಟ್ರೈಡ್‌ನ ಫೋಟೋಡಯೋಡ್ (ಬೆಳಕು ಬಿದ್ದಾಗ ವಿದ್ಯುತ್ ಹರಿಸುವ ಬಿಡಿಭಾಗ), ಅದರ ಹಿಂದೆ ಸಿಗ್ನಲ್ ಹಿಗ್ಗಿಸುವ ಒಂದು ಪುಟ್ಟ ಆಂಪ್ಲಿಫೈಯರ್, ಮೂರೇ ಮೂರು ಪಿನ್. 240ರಿಂದ 370 ನ್ಯಾನೋಮೀಟರ್‌ವರೆಗಿನದು ಅದಕ್ಕೆ ಕಾಣುತ್ತದೆ, ಕಾಣುವ ಬೆಳಕಿಗೆ ಅದು ಕುರುಡು. ಬಿಸಿಲಿನಲ್ಲಿ ಸೂಚ್ಯಂಕದ ಪ್ರತಿ ಅಂಕಕ್ಕೆ ಸರಿಸುಮಾರು 0.1 ವೋಲ್ಟ್ ಕೊಡುತ್ತದೆ. ಲೆಕ್ಕ ಬಾಯಲ್ಲೇ ಮುಗಿಯುತ್ತದೆ.

ಎಂಎಲ್8511 ಕೂಡ ಒಳ್ಳೆಯದೇ, 280ರಿಂದ 390ರವರೆಗೆ ನೋಡುತ್ತದೆ. ಆದರೆ ಅದು ಕತ್ತಲಲ್ಲೂ ಸುಮಾರು 1 ವೋಲ್ಟ್ ತೋರಿಸುತ್ತದೆ, ಅದನ್ನು ಕಳೆಯದೆ ಲೆಕ್ಕ ಹಾಕುವಂತಿಲ್ಲ. ಚಿಪ್ಪಿಗೆ 3.3 ವೋಲ್ಟ್ ಮಾತ್ರ. ಎಲ್‌ಟಿಆರ್390 ಕಾಣುವ ಬೆಳಕನ್ನೂ ಯುವಿಯನ್ನೂ ಒಂದರ ನಂತರ ಒಂದು ಅಳೆಯಬಲ್ಲದು, ಪ್ರೋಗ್ರಾಮಿಂಗ್ ಬಲ್ಲ ಪಿಯುಸಿ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಎಸ್‌ಐ1145 ಬೇಡ. ಅದರಲ್ಲಿ ಯುವಿ ಅಳೆಯುವ ಅಂಗವೇ ಇಲ್ಲ, ಕಾಣುವ ಬೆಳಕು ಮತ್ತು ಅವಕೆಂಪನ್ನು ಅಳೆದು ಬಿಸಿಲಿನಲ್ಲಿ ಯುವಿ ಇಷ್ಟಿರಬಹುದು ಎಂದು ಊಹಿಸುತ್ತದೆ. ಅದರ ಮುಂದೆ ಗಾಜು, ಬಟ್ಟೆ, ಕನ್ನಡಕ ಹಿಡಿದು ಮಾಡುವ ಪ್ರಯೋಗಕ್ಕೆ ಅರ್ಥವಿರುವುದಿಲ್ಲ.

ಉಳಿದಂತೆ ಬೇಕಾದದ್ದು ಆರ್ಡುಯಿನೊ ಉನೊ ಎಂಬ, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡ್ ಮತ್ತು ಯುಎಸ್‌ಬಿ ಕೇಬಲ್, ಇಲ್ಲವೇ ಮೂರು ಪೆನ್ಸಿಲ್ ಸೆಲ್ ಮತ್ತು ಮಲ್ಟಿಮೀಟರ್. ಜಂಪರ್ ವೈರ್, ಒಂದು ರಟ್ಟಿನ ಡಬ್ಬಿ, ಕಪ್ಪು ಕಾಗದ, ಪ್ಲಂಬರ್ ಬಳಸುವ ಬಿಳಿ ಟೆಫ್ಲಾನ್ ಟೇಪ್, ಗಾರೆ ಕೆಲಸದವರ ರಸಮಟ್ಟ.

ಜೋಡಣೆ

ಮಲ್ಟಿಮೀಟರ್‌ನಿಂದಲೇ ಆರಂಭಿಸಿ, ಲ್ಯಾಪ್‌ಟಾಪ್ ಇದ್ದರೂ ಸಹ. ಮೂರು ಸೆಲ್ ಸೇರಿ 4.5 ವೋಲ್ಟ್ ಆಗುತ್ತದೆ, ಗುವಾ ಮಾಡ್ಯೂಲ್‌ಗೆ ಅದು ಸರಿಯಾದ ವ್ಯಾಪ್ತಿ. ಸೆಲ್‌ನ ಧನ ತುದಿ ವಿಸಿಸಿ ಪಿನ್ನಿಗೆ, ಋಣ ತುದಿ ಜಿಎನ್‌ಡಿಗೆ. ಮಲ್ಟಿಮೀಟರ್‌ನ ಕಪ್ಪು ವೈರ್ ಜಿಎನ್‌ಡಿಗೆ, ಕೆಂಪು ವೈರ್ ಔಟ್‌ಪುಟ್ ಪಿನ್ನಿಗೆ. ಗುಂಡಿಯನ್ನು ಡಿಸಿ 2000 ಮಿಲಿವೋಲ್ಟ್‌ಗೆ ತಿರುಗಿಸಿ. ಸೆನ್ಸರನ್ನು ಕಿಟಕಿಯಿಂದ ಹೊರಗೆ ಚಾಚಿದೊಡನೆ ಅಂಕಿ ಏರುವುದನ್ನು, ಅಂಗೈ ಅಡ್ಡ ಹಿಡಿದರೆ ಇಳಿಯುವುದನ್ನು ಮಕ್ಕಳು ತಮ್ಮ ಕಣ್ಣಾರೆ ನೋಡಬೇಕು. ಕಂಪ್ಯೂಟರ್ ಪರದೆಯ ಮೇಲಿನ ಗ್ರಾಫ್ ಈ ಅನುಭವ ಕೊಡುವುದಿಲ್ಲ.

ಆಮೇಲೆ ಆರ್ಡುಯಿನೊ. ವಿಸಿಸಿಯನ್ನು 5 ವೋಲ್ಟ್ ಪಿನ್ನಿಗೆ, ಜಿಎನ್‌ಡಿಯನ್ನು ಜಿಎನ್‌ಡಿಗೆ, ಔಟ್‌ಪುಟ್ ಅನ್ನು ಎ0 ಪಿನ್ನಿಗೆ ಕೊಡಿ. ಆರ್ಡುಯಿನೊ ತಂತ್ರಾಂಶದ ಉದಾಹರಣೆಗಳಲ್ಲಿರುವ 'ಅನಲಾಗ್ ರೀಡ್ ಸೀರಿಯಲ್' ಪ್ರೋಗ್ರಾಂ ತೆರೆದರೆ ಅರ್ಧ ಕೆಲಸ ಆದಂತೆ. ಅದಕ್ಕೆ ಮೂರು ಬದಲಾವಣೆ ಮಾಡಿ.

ಒಂದು: ಒಮ್ಮೆ ಓದುವ ಬದಲು ಐವತ್ತು ಸಲ ಓದಿಸಿ ಸರಾಸರಿ ತೆಗೆಯಿರಿ, ಅಂಕಿಯ ಕುಣಿತ ನಿಲ್ಲುತ್ತದೆ. ಎರಡು: ಸೆಕೆಂಡಿಗೊಮ್ಮೆ ಮಾತ್ರ ಮುದ್ರಿಸಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಉನೊ ಸಾಮಾನ್ಯವಾಗಿ 0ರಿಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಬಯಲಿನಲ್ಲಿ 1 ವೋಲ್ಟ್ ಬರುತ್ತಿದ್ದಾಗ ಇದು ಸಾಕು. ಆದರೆ ಕನ್ನಡಕವೊಂದು ಎರಡೇ ಶೇಕಡಾ ಯುವಿ ಬಿಟ್ಟರೆ ಸಿಗುವುದು 20 ಮಿಲಿವೋಲ್ಟ್, ಅಂದರೆ ನಾಲ್ಕೇ ಮೆಟ್ಟಿಲು. ಹಾಗಾಗಿ 'ಅನಲಾಗ್ ರೆಫರೆನ್ಸ್' ಆದೇಶದಲ್ಲಿ 'ಇಂಟರ್ನಲ್' ಎಂದು ಕೊಟ್ಟು ಪೂರ್ಣ ಅಳತೆಯನ್ನು 1.1 ವೋಲ್ಟ್‌ಗೆ ಇಳಿಸಿ. ಮೆಟ್ಟಿಲು ಸುಮಾರು 1.1 ಮಿಲಿವೋಲ್ಟ್ ಆಗುತ್ತದೆ, ಅದೇ 20 ಮಿಲಿವೋಲ್ಟ್ ಈಗ ಹದಿನೆಂಟು ಮೆಟ್ಟಿಲು. ಬೇಸಿಗೆಯ ನಡುಹಗಲು ಅಂಕಿ 1023ಕ್ಕೆ ಹೋಗಿ ಅಂಟಿಕೊಂಡರೆ ಸಿಗ್ನಲ್ ಮಿತಿ ದಾಟಿದೆ ಎಂದರ್ಥ, ಆಗ ಮತ್ತೆ 5 ವೋಲ್ಟ್‌ಗೆ ಬನ್ನಿ. ಈ ಒಳಗಿನ 1.1 ವೋಲ್ಟ್ ಬೋರ್ಡಿನಿಂದ ಬೋರ್ಡಿಗೆ ಸ್ವಲ್ಪ ಬೇರೆಯಾಗಿರುತ್ತದೆ, ಆದ್ದರಿಂದ ಒಮ್ಮೆ ಮಲ್ಟಿಮೀಟರ್ ಜೊತೆ ತಾಳೆ ನೋಡಿ ಗುಣಕವನ್ನು ತಿದ್ದಿಕೊಳ್ಳಿ.

ಸೆನ್ಸರ್ ಹಾಳಾಗದಿರಲಿ ಎಂದು ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಬೇಡಿ. ಅಳೆಯಬೇಕಾದ ಕಿರಣವನ್ನೇ ಡಬ್ಬಿ ತಿಂದುಹಾಕುತ್ತದೆ. ಡಯೋಡ್ ಮೇಲೆ ಬೆರಳಿನ ಜಿಡ್ಡೂ ತಾಗಬಾರದು.

ಅಳತೆಯ ಶಿಸ್ತು

ನಾಲ್ಕು ಅಭ್ಯಾಸ ಬೆಳೆಸಿದರೆ ಉಳಿದ ಪ್ರಯೋಗಗಳೆಲ್ಲ ಸಲೀಸು.

ಕತ್ತಲ ಓದು ಮೊದಲನೆಯದು. ಸೆನ್ಸರ್ ಮೇಲೆ ಕಪ್ಪು ಕಾಗದ ಹೊದಿಸಿ ಬರುವ ವೋಲ್ಟ್ ಬರೆದುಕೊಳ್ಳಿ, ಮುಂದಿನ ಎಲ್ಲ ಓದುಗಳಿಂದಲೂ ಅದನ್ನು ಕಳೆಯಿರಿ.

ಎರಡನೆಯದು ದಿಕ್ಕು. ಸೆನ್ಸರ್ ವಾಲಿದರೆ ಅಂಕಿ ಬೀಳುತ್ತದೆ. ದಿನವಿಡೀ ಅಳೆಯುವಾಗ ರಸಮಟ್ಟ ಇಟ್ಟು ಬೋರ್ಡನ್ನು ಸಮತಟ್ಟಾಗಿ ಕೂರಿಸಿ. ಸೂರ್ಯನ ಕಡೆಗೇ ತಿರುಗಿಸಬೇಕಾದ ಪ್ರಯೋಗಗಳಲ್ಲಿ ಬೋರ್ಡಿಗೆ ಲಂಬವಾಗಿ ಒಂದು ಗುಂಡುಸೂಜಿ ಚುಚ್ಚಿ, ಅದರ ನೆರಳು ಮಾಯವಾಗುವವರೆಗೆ ಬೋರ್ಡನ್ನು ಓರೆ ಮಾಡಿ. ಸೂರ್ಯನನ್ನು ನೋಡದೆಯೇ ಗುರಿ ಸಿಗುತ್ತದೆ. ಓರೆ ಬೆಳಕನ್ನು ಚೆನ್ನಾಗಿ ಹಿಡಿಯಬೇಕಾದರೆ ಡಯೋಡ್ ಮೇಲೆ ಟೆಫ್ಲಾನ್ ಟೇಪಿನ ಪದರ ಎಳೆದು ಅಂಟಿಸಿ. ಟೆಫ್ಲಾನ್ ಯುವಿಯನ್ನು ಹೀರದೆ ಎಲ್ಲ ಕಡೆಗೂ ಚದುರಿಸುತ್ತದೆ, ಅದಕ್ಕಾಗಿ ದುಬಾರಿ ಉಪಕರಣಗಳಲ್ಲೂ ಅದನ್ನು ಬಳಸುತ್ತಾರೆ. ಟೇಪು ಅಂಟಿಸಿದಾಗ ಸಿಗ್ನಲ್ ಕುಗ್ಗುತ್ತದೆ. ಟೇಪಿನೊಡನೆ ಒಮ್ಮೆ, ಟೇಪಿಲ್ಲದೆ ಒಮ್ಮೆ ಅಳೆದು ಎಷ್ಟು ಪಟ್ಟು ಕುಗ್ಗಿತೆಂದು ಬರೆದಿಡಿ.

ಮೂರನೆಯದು ಅಂಚಿನಿಂದ ನುಸುಳುವ ಬೆಳಕು. ಯುವಿ ಸೂರ್ಯನ ದಿಕ್ಕಿನಿಂದ ಮಾತ್ರ ಬರುವುದಿಲ್ಲ, ಇಡೀ ಆಕಾಶದಿಂದ ಸುರಿಯುತ್ತದೆ. ಗಾಜಿನ ತುಂಡನ್ನು ಕೈಯಲ್ಲಿ ಹಿಡಿದು ಸೆನ್ಸರ್ ಮೇಲೆ ಆಡಿಸಿದರೆ ಪಕ್ಕದಿಂದ ಬಂದ ಬೆಳಕೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ರಟ್ಟಿನ ಡಬ್ಬಿ: ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ಮೇಲೆ ಸುಮಾರು 2 ಸೆಂಟಿಮೀಟರ್ ಅಗಲದ ಕಿಂಡಿ ಕೊರೆದು, ಅದರ ನೇರ ಕೆಳಗೆ ಸೆನ್ಸರ್ ಇಡಿ. ಮಾದರಿಯನ್ನು ಕಿಂಡಿಯ ಮೇಲೆ ಚಪ್ಪಟೆಯಾಗಿ ಇಟ್ಟರೆ ಬೆಳಕಿಗೆ ಬೇರೆ ದಾರಿ ಇರುವುದಿಲ್ಲ.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಬಯಲು, ಮಾದರಿ, ಮತ್ತೆ ಬಯಲು. ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ, ತೆಳು ಮೋಡ ಹೇಳದೆ ಕೇಳದೆ ಹಾದುಹೋಗುತ್ತದೆ. ಹಾಗಾಗಿ ಪ್ರತಿ ಮಾದರಿಯ ಹಿಂದೆ ಮುಂದೆ ಖಾಲಿ ಕಿಂಡಿಯ ಓದು ತೆಗೆದುಕೊಂಡು ಸರಾಸರಿ ಮಾಡಿ. ಬಯಲಿನ ಎರಡು ಓದು 0.82 ಮತ್ತು 0.80 ವೋಲ್ಟ್, ಮಾದರಿಯದು 0.23, ಕತ್ತಲಿನದು 0.01 ಎಂದುಕೊಳ್ಳಿ. ಬಯಲಿನ ಸರಾಸರಿ 0.81, ಕತ್ತಲು ಕಳೆದರೆ 0.80. ಮಾದರಿ 0.22. ಹಾದುಹೋದ ಪಾಲು 0.22 ಭಾಗಿಸು 0.80, ಅಂದರೆ 27.5 ಶೇಕಡಾ. ಬಯಲಿನ ಎರಡು ಓದುಗಳ ನಡುವೆ ಐದು ಶೇಕಡಾಕ್ಕಿಂತ ಹೆಚ್ಚು ಅಂತರ ಬಂದರೆ ಆ ಸುತ್ತನ್ನು ಕೈಬಿಟ್ಟು ಮತ್ತೆ ಮಾಡಿ.

ತರಗತಿಯಲ್ಲಿ ಈ ಪಾಲನ್ನು ನಂಬಬಹುದು. ಸೆನ್ಸರಿನ ಗುಣಕ ತಪ್ಪಿದ್ದರೂ, ಬ್ಯಾಟರಿ ಕೊಂಚ ಇಳಿದಿದ್ದರೂ, ಮೇಲೂ ಕೆಳಗೂ ಅದೇ ದೋಷ ಇರುವುದರಿಂದ ಭಾಗಿಸಿದಾಗ ಹೋಗಿಬಿಡುತ್ತದೆ. 'ಇಂದು ಸೂಚ್ಯಂಕ 9.3' ಎಂದು ಬರೆಯುವುದಕ್ಕಿಂತ 'ಈ ಬಟ್ಟೆ ನಮ್ಮ ಸೆನ್ಸರ್ ಕಂಡ ಯುವಿಯಲ್ಲಿ ನಾಲ್ಕನೇ ಒಂದು ಪಾಲನ್ನು ಬಿಟ್ಟಿತು' ಎಂದು ಬರೆಯುವುದೇ ಪ್ರಾಮಾಣಿಕ ವಿಜ್ಞಾನ.

ಸುರಕ್ಷತೆ

ಸೂರ್ಯನನ್ನು ನೇರ ನೋಡಬಾರದು, ಕೂಲಿಂಗ್ ಗ್ಲಾಸ್ ಹಾಕಿಕೊಂಡರೂ ಸರಿ. ನೀರಿನ ಫಿಲ್ಟರ್ ಮತ್ತು ಕ್ರಿಮಿನಾಶಕ ಪೆಟ್ಟಿಗೆಗಳಲ್ಲಿರುವ ಯುವಿ-ಸಿ ದೀಪವನ್ನು ಬಿಚ್ಚಿ ತರಗತಿಗೆ ತರುವುದು ಖಂಡಿತ ಬೇಡ. 254 ನ್ಯಾನೋಮೀಟರ್‌ನ ಆ ಕಿರಣ ಅಲ್ಪ ಸಮಯದಲ್ಲೇ ಕಣ್ಣಿನ ಪಾರದರ್ಶಕ ಪೊರೆಯನ್ನು ಸುಡುತ್ತದೆ. ಟಾರ್ಚ್ ಬಳಸುವುದಾದರೆ 365 ನ್ಯಾನೋಮೀಟರಿನದ್ದು, ಅದೂ ಶಿಕ್ಷಕರ ಕೈಯಲ್ಲಿ. ಅದರ ಬೆಳಕು ಕಣ್ಣಿಗೆ ಮಂಕಾಗಿ ಕಾಣುವುದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅಪಾಯ ಇರುವುದೇ ಅಲ್ಲಿ. ನಡುಹಗಲಿನ ಓದು ತೆಗೆಯುವ ಮಕ್ಕಳಿಗೆ ಟೋಪಿ, ನೀರು, ಸರದಿ ಬದಲಾವಣೆ ಇರಲಿ.

ಕಳ್ಳನೋಟು ನೋಡಲು ಅಂಗಡಿಗಳಲ್ಲಿ ಬಳಸುವ ಅಗ್ಗದ ನೇರಳೆ ಟಾರ್ಚುಗಳು ಬಹುತೇಕ 395 ನ್ಯಾನೋಮೀಟರಿನವು. ನೋಟಿನ ಅಂಕಿಗಳು ಫಳಫಳ ಹೊಳೆಯುತ್ತವೆ, ಗುವಾ ಸೆನ್ಸರ್ ಮಾತ್ರ ಸುಮ್ಮನಿರುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಎಸೆಯಬೇಡಿ. ಅದರ ಕಿಟಕಿ 370ಕ್ಕೆ ಮುಚ್ಚುತ್ತದೆ, ಅಷ್ಟೇ. ಕಿಟಕಿಯ ಪಾಠವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಪ್ರಯೋಗವಿಲ್ಲ, ಬೇಕೆಂದೇ ಮಾಡಿಸಿ.

ಮೊದಲ ಪ್ರಯೋಗ: ಒಂದು ಹಗಲಿನ ರೇಖೆ

ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಅರ್ಧ ಗಂಟೆಗೊಮ್ಮೆ, ಸಮತಟ್ಟಾಗಿಟ್ಟ ಸೆನ್ಸರಿನ ಓದು ಬರೆಯಿರಿ. ಪಕ್ಕದಲ್ಲೇ ಮೊಬೈಲ್‌ನ ಲಕ್ಸ್ ಮೀಟರ್ ಆ್ಯಪ್ ಇಟ್ಟು ಕಾಣುವ ಬೆಳಕನ್ನೂ ಬರೆಯಿರಿ. ಎರಡನ್ನೂ ತಮ್ಮ ತಮ್ಮ ಗರಿಷ್ಠಕ್ಕೆ ಭಾಗಿಸಿ ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದರೆ ಯುವಿಯ ಗುಡ್ಡ ಹೆಚ್ಚು ಕಿರಿದಾಗಿ, ಕಡಿದಾಗಿ ನಿಲ್ಲುತ್ತದೆ. ಸೂರ್ಯ ಕೆಳಗಿದ್ದಾಗ ಕಿರಣ ಉದ್ದದ ಗಾಳಿಯ ದಾರಿ ಸವೆಸಬೇಕು. ಓಝೋನಿನ ಹೀರಿಕೆ, ಗಾಳಿಯ ಅಣುಗಳ ಚದುರಿಕೆ ಎರಡೂ ಕಿರಿದಾದ ತರಂಗಕ್ಕೇ ಹೆಚ್ಚು ಪೆಟ್ಟು ಕೊಡುತ್ತವೆ. 300 ನ್ಯಾನೋಮೀಟರಿನ ಕಿರಣ 600ರದ್ದಕ್ಕಿಂತ ಹದಿನಾರು ಪಟ್ಟು ಹೆಚ್ಚು ಚದುರುತ್ತದೆ.

ಗುಡ್ಡದ ತುದಿ 12 ಗಂಟೆಗೆ ಬರದಿದ್ದರೆ ಗಾಬರಿ ಬೇಡ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ. ವರ್ಷದ ಸರಾಸರಿಯಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.20ಕ್ಕೆ, ಮಂಗಳೂರಿನಲ್ಲಿ ಸುಮಾರು 12.30ಕ್ಕೆ. ಫೆಬ್ರವರಿಯಲ್ಲಿ ಇನ್ನೂ ತಡ, ನವೆಂಬರ್‌ನಲ್ಲಿ ಬೇಗ. ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಮಕ್ಕಳೇ ಕಂಡುಕೊಳ್ಳಲಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಆ ನೆರಳು ಪೂರ್ತಿ ಮಾಯವಾಗುತ್ತದೆ. ಶೂನ್ಯ ನೆರಳಿನ ಆ ದಿನ ಸೆನ್ಸರನ್ನೂ ಹೊರಗೆ ತನ್ನಿ.

ಎರಡನೆಯದು: ಯಾವುದು ತಡೆಯುತ್ತದೆ?

ಕಿಂಡಿ ಡಬ್ಬಿ ಕೆಲಸಕ್ಕೆ ಬರುವುದು ಇಲ್ಲಿ. ಮಕ್ಕಳು ಮನೆಯಿಂದ ತಂದದ್ದೆಲ್ಲ ಮಾದರಿಯೇ: ಕೊಡೆಯ ಬಟ್ಟೆ, ಅಪ್ಪನ ಪಂಚೆ, ಕಪ್ಪು ಟೀ ಶರ್ಟ್, ಓಎಚ್‌ಪಿ ಶೀಟ್, ಅಜ್ಜಿಯ ಕನ್ನಡಕ.

ಅಳೆಯುವ ಮೊದಲು ಊಹೆ ಬರೆಸಿ. ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಹೆಚ್ಚು ತಡೆಯುತ್ತದೆಯೋ ಕಡಿಮೆಯೋ? ಹೆಚ್ಚು ಎಂದೇ ಬಹಳ ಮಂದಿ ಹೇಳುತ್ತಾರೆ. ಸೆನ್ಸರ್ ಉಲ್ಟಾ ಹೇಳುತ್ತದೆ. ನೂಲುಗಳ ನಡುವಿನ ಗಾಳಿಯ ಜಾಗಕ್ಕೆ ನೀರು ತುಂಬಿದಾಗ ಬೆಳಕಿನ ಚದುರಿಕೆ ತಗ್ಗಿ ಕಿರಣ ಸಲೀಸಾಗಿ ದಾಟುತ್ತದೆ. ಒದ್ದೆ ಬನಿಯನ್ ತೊಟ್ಟು ಕೆರೆಯಲ್ಲಿ ಈಜುವ ಮಕ್ಕಳಿಗೆ ಇದು ತಿಳಿದಿರಬೇಕು.

ಕಿಟಕಿಯ ಗಾಜಿನಲ್ಲಿ ಎಚ್ಚರ ಬೇಕು. ಸಾಮಾನ್ಯ ಗಾಜು ಯುವಿ-ಬಿಯನ್ನು ಬಹುಮಟ್ಟಿಗೆ ತಡೆದು ಯುವಿ-ಎಯ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಗುವಾ ಸೆನ್ಸರಿಗೆ ಯುವಿ-ಎ ಕಾಣುವುದರಿಂದ ಗಾಜಿನ ಹಿಂದೆಯೂ ಅಂಕಿ ದೊಡ್ಡದಾಗಿಯೇ ಉಳಿಯುತ್ತದೆ. ಅದನ್ನು 0.1ರಿಂದ ಭಾಗಿಸಿ ಸೂಚ್ಯಂಕ ಎಂದರೆ ಶುದ್ಧ ಸುಳ್ಳಾಗುತ್ತದೆ, ಏಕೆಂದರೆ ಸುಡುವ ಭಾಗ ಆಗಲೇ ಗಾಜಿನಲ್ಲಿ ನಿಂತಿದೆ. ವೋಲ್ಟ್‌ನಿಂದ ಸೂಚ್ಯಂಕದ ಲೆಕ್ಕ ತೆರೆದ ಬಿಸಿಲಿಗೆ ಮಾತ್ರ. ಮುಚ್ಚಿದ ಕಿಟಕಿಯ ಬಳಿ ಕೂತು ಬಿಸಿಲು ಕಾಯಿಸಿಕೊಂಡರೆ ವಿಟಮಿನ್ ಡಿ ಸಿಗದಿರುವುದೂ ಇದೇ ಕಾರಣಕ್ಕೆ.

ಕನ್ನಡಕದ ಪ್ರಯೋಗವನ್ನು ಬಿಡಬೇಡಿ. ಜಾತ್ರೆಯಲ್ಲಿ ಸಿಗುವ ಕಪ್ಪು ಕೂಲಿಂಗ್ ಗ್ಲಾಸ್, ಬಣ್ಣವಿಲ್ಲದ ಪಾಲಿಕಾರ್ಬನೇಟ್ ಲೆನ್ಸ್, ಹಳೆಯ ಗಾಜಿನ ಲೆನ್ಸ್, ಮೂರನ್ನೂ ಇಡಿ. ಪಾಲಿಕಾರ್ಬನೇಟ್ ನೀರಿನಂತೆ ತಿಳಿಯಾಗಿದ್ದೂ ಓದನ್ನು ಸೊನ್ನೆಗೆ ಇಳಿಸುತ್ತದೆ. ಬಣ್ಣದ ಗಾಢತೆಗೂ ಯುವಿ ತಡೆಗೂ ಸಂಬಂಧವಿಲ್ಲ ಎಂಬುದು ಮಕ್ಕಳಿಗೆ ಅಲ್ಲೇ ಹೊಳೆಯುತ್ತದೆ. ಕಪ್ಪಗಿದ್ದು ಯುವಿ ಬಿಡುವ ಕನ್ನಡಕ ಇನ್ನೂ ಕೆಟ್ಟದ್ದು, ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗಿ ಹೆಚ್ಚು ಯುವಿ ಒಳಹೋಗುತ್ತದೆ. ಆದರೆ ಸೊನ್ನೆ ಬಂದ ಮಾತ್ರಕ್ಕೆ '400ರವರೆಗೆ ಪೂರ್ತಿ ರಕ್ಷಣೆ' ಎಂದು ಬರೆಯುವಂತಿಲ್ಲ. 370ರ ಮೇಲಿನದ್ದು ನಮ್ಮ ಸೆನ್ಸರಿಗೆ ಕಂಡೇ ಇಲ್ಲ.

ಮೂರನೆಯದು: ಸನ್‌ಸ್ಕ್ರೀನ್

ಆಧಾರಕ್ಕೆ ತೆಳು ಪಾಲಿಥೀನ್ ಹಾಳೆ ಬಳಸಿ, ಅದು ಯುವಿಯನ್ನು ಚೆನ್ನಾಗಿ ಬಿಡುತ್ತದೆ. ಇಲ್ಲಿ ಬಯಲಿನ ಓದೆಂದರೆ ಖಾಲಿ ಕಿಂಡಿಯದಲ್ಲ, ಕ್ರೀಮ್ ಹಚ್ಚದ ಅದೇ ಹಾಳೆಯದು. ಎಸ್‌ಪಿಎಫ್ (ಸನ್‌ಸ್ಕ್ರೀನ್ ಎಷ್ಟು ರಕ್ಷಿಸುತ್ತದೆ ಎಂಬ ಅಂಕ) ಪರೀಕ್ಷೆಗಳಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. 5 ಸೆಂಟಿಮೀಟರ್ ಚೌಕಕ್ಕೆ 50 ಮಿಲಿಗ್ರಾಂ, ರಸಾಯನಶಾಸ್ತ್ರ ಲ್ಯಾಬಿನ ತಕ್ಕಡಿಯಲ್ಲಿ ಹಾಳೆಯನ್ನೇ ಮೊದಲು ತೂಗಿ, ಕೈಗವಸಿನ ಬೆರಳಿನಿಂದ ಸವರಿ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ಕಾಲು ಗಂಟೆ ಆರಲು ಬಿಟ್ಟು ಅಳೆಯಿರಿ. ಇನ್ನೊಂದು ಹಾಳೆಗೆ ಅರ್ಧ ಪ್ರಮಾಣ ಹಚ್ಚಿ. ತೆಳ್ಳಗೆ ಹಚ್ಚಿದಾಗ ರಕ್ಷಣೆ ಎಷ್ಟು ಬಿದ್ದುಹೋಗುತ್ತದೆ ಎಂಬುದೇ ಇಲ್ಲಿ ನೋಡಬೇಕಾದ ಫಲಿತಾಂಶ, ಏಕೆಂದರೆ ನಿತ್ಯಬಳಕೆಯಲ್ಲಿ ಜನ ಹಚ್ಚುವುದು ತೆಳ್ಳಗೇ. ಸಿಕ್ಕ ಶೇಕಡಾವನ್ನು ಡಬ್ಬಿಯ ಮೇಲಿನ ಎಸ್‌ಪಿಎಫ್ ಜೊತೆ ಹೋಲಿಸಬೇಡಿ. ಎಸ್‌ಪಿಎಫ್ ಸುಡುವ ಗುಣದ ಅಳತೆ, ನಮ್ಮದು ಮುಖ್ಯವಾಗಿ ಯುವಿ-ಎಯದು.

ನಾಲ್ಕನೆಯದು: ನೆರಳು ಮತ್ತು ಗೋಡೆ

ಶಾಲೆಯ ಕಟ್ಟಡದ ನೆರಳು, ಹೊಂಗೆ ಮರದ ಕೆಳಗೆ, ಜಗಲಿ, ತರಗತಿಯ ಒಳಗೆ: ನಾಲ್ಕೂ ಕಡೆ ಲಕ್ಸ್ ಮತ್ತು ಯುವಿ ಎರಡನ್ನೂ ಬಯಲಿನ ಪಾಲಾಗಿ ಬರೆಯಿರಿ. ಮೇಲೆ ತೆರೆದ ಆಕಾಶ ಕಾಣುವ ಕಟ್ಟಡದ ನೆರಳಿನಲ್ಲಿ ಕಾಣುವ ಬೆಳಕಿಗಿಂತ ಯುವಿಯ ಪಾಲು ಹೆಚ್ಚು ಉಳಿಯುತ್ತದೆ. ದಟ್ಟ ಮರದಡಿ ಹಾಗಲ್ಲ, ಎಲೆಗಳು ಆಕಾಶವನ್ನೇ ಮುಚ್ಚುತ್ತವೆ. ನೆರಳಲ್ಲಿ ಎಷ್ಟು ಆಕಾಶ ಕಾಣುತ್ತದೆಯೋ ಅಷ್ಟು ಯುವಿ.

ಸೆನ್ಸರನ್ನು ತಿರುಗಿಸಿ ಗೋಡೆಗೆ ಮುಖ ಮಾಡಿದರೆ ಪ್ರತಿಫಲನ ಸಿಗುತ್ತದೆ. ಬಿಸಿಲು ಬಿದ್ದ ಸುಣ್ಣದ ಗೋಡೆ ಮತ್ತು ಬಿಳಿ ಎಮಲ್ಷನ್ ಬಳಿದ ಗೋಡೆ, ಎರಡೂ ಕಣ್ಣಿಗೆ ಒಂದೇ ಬಿಳುಪು. ಎಮಲ್ಷನ್‌ನ ಬಿಳುಪಿಗೆ ಕಾರಣವಾದ ಟೈಟಾನಿಯಂ ಡೈಆಕ್ಸೈಡ್ ಯುವಿಯನ್ನು ನುಂಗುತ್ತದೆ, ಸನ್‌ಸ್ಕ್ರೀನ್‌ಗಳಲ್ಲಿ ಅದನ್ನು ಹಾಕುವುದೂ ಅದಕ್ಕೇ. ಸುಣ್ಣದಲ್ಲಿ ಅದಿಲ್ಲ. ಒಂದೇ ದೂರ, ಒಂದೇ ಕೋನದಲ್ಲಿ ಎರಡನ್ನೂ ಅಳೆದು ನೋಡಿ.

ಪ್ರವಾಸದ ಯೋಗವಿದ್ದರೆ ಸೆನ್ಸರನ್ನು ಬೆಟ್ಟಕ್ಕೆ ಕೊಂಡೊಯ್ಯಬಹುದು. ಪ್ರತಿ 1000 ಮೀಟರ್ ಏರಿಕೆಗೆ ಯುವಿ ಸುಮಾರು 10 ಶೇಕಡಾ ಹೆಚ್ಚುತ್ತದೆ. ಆದರೆ ಮೋಡವೊಂದು ಹಾದರೂ ಆ ವ್ಯತ್ಯಾಸ ಮುಚ್ಚಿಹೋಗುವುದರಿಂದ, ಸರಿಹೊಂದಿಸಿದ ಎರಡು ಸೆನ್ಸರ್ ಬೇಕು. ಒಂದು ಕೆಳಗೆ, ಒಂದು ಮೇಲೆ, ಒಂದೇ ಹೊತ್ತಿಗೆ.

ರೆಕಾರ್ಡ್ ಪುಸ್ತಕದಲ್ಲಿ

ಪ್ರತಿ ಓದಿನ ಪಕ್ಕ ದಿನಾಂಕ, ಗಂಟೆ, ಸ್ಥಳ, ಮೋಡದ ಸ್ಥಿತಿ, ಸೆನ್ಸರಿನ ಹೆಸರು ಮತ್ತು ಅದರ ತರಂಗಾಂತರದ ವ್ಯಾಪ್ತಿ ಇರಬೇಕು. ವ್ಯಾಪ್ತಿ ಬರೆಯದ ಯುವಿ ಓದು ಆರು ತಿಂಗಳ ನಂತರ ಯಾರಿಗೂ ಉಪಯೋಗಕ್ಕೆ ಬಾರದು. ಕತ್ತಲ ಓದಿಗೆ ಬೇರೆ ಕಾಲಂ, ಕೈಬಿಟ್ಟ ಸುತ್ತುಗಳನ್ನೂ ಅಳಿಸದೆ ಅಡ್ಡಗೆರೆ ಎಳೆದು ಉಳಿಸಿ. ಸೆನ್ಸರನ್ನು ಬಳಸದಾಗ ಕತ್ತಲಲ್ಲಿ, ಒಣಗಿದ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ, ಮೋಡವಿಲ್ಲದ ದಿನ, ಕೋಲಿನ ನೆರಳು ಅತಿ ಗಿಡ್ಡವಾದ ಹೊತ್ತಿಗೆ ಒಂದು ಬಯಲಿನ ಓದು ತೆಗೆದು ಅದೇ ಪುಸ್ತಕದ ಕೊನೆಯ ಪುಟಕ್ಕೆ ಸೇರಿಸುತ್ತ ಹೋದರೆ, ಮುಂದಿನ ವರ್ಷದ ತರಗತಿಗೆ ತಮ್ಮ ಊರಿನದೇ ದತ್ತಾಂಶ ಸಿದ್ಧವಿರುತ್ತದೆ.